ನಡುಗದ ಕೂಸು

ಊರಿಗೆ ಊರೇ ನಿದ್ದೆ ಓಡಿಸುವ ಗುಳಿಗೆ ನುಂಗಿ, ಮಲಗುವುದನ್ನೇ ಮರೆತು ಹಗಲು ರಾತ್ರಿ ದುಡಿಯುತ್ತಿತ್ತು. ಹೀಗಾಗಿ ತಾಯಿಯ ಹೊಟ್ಟೆಯಲ್ಲೇ ಚಟ ಹತ್ತಿ, ಹುಟ್ಟಿದ ಕೂಸುಗಳೆಲ್ಲ ಗುಳಿಗೆ ಸಿಗದೆ ನಡುಗಿ ಕಿರುಚುತ್ತಿದ್ದವು. ನರ್ಸ್ ದಾಕ್ಷಾಯಣಿ ಅವನ್ನು ಬಿಗಿಯಾಗಿ ಸುತ್ತಿ, ನಾಲಿಗೆಗೆ ಮದ್ದಿನ ಹನಿ ಬಿಟ್ಟು, ದಿನದಿನಕ್ಕೂ ಅಳತೆ ಇಳಿಸಿ ಚಟ ಬಿಡಿಸುತ್ತಿದ್ದಳು.

ಇವತ್ತಿನ ಕೂಸು ಮಾತ್ರ ನಡುಗಲಿಲ್ಲ. ಕಣ್ಣು ಮುಚ್ಚಿ ಸುಮ್ಮನೆ ಬಿದ್ದುಕೊಂಡಿತ್ತು. ಉಸಿರು, ಎದೆಬಡಿತ ಎಲ್ಲ ಸರಿಯಿತ್ತು.

"ಅಯ್ಯ, ಇದಕ್ಕೇನಾಗೇತಿ?" ಎಂದು ದಾಕ್ಷಾಯಣಿ ಗಾಬರಿಯಿಂದ ಮದ್ದಿನ ಸೀಸೆ ಎತ್ತಿದಳು.

"ಬ್ಯಾಡ್ರಿ ಅಕ್ಕಾರ," ತಾಯಿ ಗಂಗವ್ವ ಕೈ ಹಿಡಿದಳು. "ಬಸರಾಗೂಕಿಂತ ಮೊದಲ ನಾ ಗುಳಗಿ ಬಿಟ್ಟೇನಿ. ಕೂಸಿಗೆ ನಿದ್ದಿ ಹತ್ತೇತ್ರಿ."

ಸುದ್ದಿ ಕೇಳಿ ವಾರ್ಡಿಗೆ ವಾರ್ಡೇ ಓಡಿಬಂತು. ದೊಡ್ಡ ಡಾಕ್ಟರು ಬೂಟು ಕಳಚಿ, ತುದಿಗಾಲಲ್ಲಿ ಬಂದು ತೊಟ್ಟಿಲಿಗೆ ಬಗ್ಗಿದರು.

"ಗದ್ದಲ ಮಾಡಬ್ಯಾಡ್ರಿ," ದಾಕ್ಷಾಯಣಿ ಪಿಸುಗುಟ್ಟಿದಳು. "ಹ್ಯಾಂಗ ಮಲಗೂದಂತ ನೋಡಿ ಕಲಿಯೂಣು."