ಅಜ್ಜಿಗೆ ಸೇರದ ಬಿಸಿ ರೊಟ್ಟಿ

ಹಂಚಿನ ಮೇಲೆ ಜೋಳದ ರೊಟ್ಟಿ ಉಬ್ಬುವ ವಾಸನೆ ಬಂದರೆ ಈಗಲೂ ನಮ್ಮೂರು ಕುರ್ಡಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಜ್ಜಿಯನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು. ಸಮಾಧಿಯ ಮೇಲೆ ಎಡೆ ಇಡಲು ಅವ್ವ ಬಿಸಿ ರೊಟ್ಟಿ ಬಡಿದು ಬೆಣ್ಣೆ ಸವರುತ್ತಿದ್ದಳು.

"ಯವ್ವಾ, ಅಜ್ಜಿಗಿ ಬಿಸಿ ರೊಟ್ಟಿ ಸೇರಂಗಿಲ್ಲ. ಖಡಕ್ ರೊಟ್ಟಿ ಇಡು," ಎಂದೆ. ದಿನಾ ಹಾಗೆನ್ನುತ್ತಲೇ ಅಜ್ಜಿ ತನ್ನ ಬಿಸಿ ರೊಟ್ಟಿಯನ್ನು ನನ್ನ ತಾಟಿಗೆ ಹಾಕುತ್ತಿದ್ದಳು.

"ಸುಮ್ಕಿರು. ನಮ್ಮವ್ವಗ ಬಿಸಿ ರೊಟ್ಟಿ ಅಂದ್ರ ಜೀವ," ಎಂದು ಅವ್ವ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು.

ಹಾಗಾದರೆ ಸುಳ್ಳು ಹೇಳಿದ್ದು ಯಾರು? ಎಡೆ ಇಟ್ಟು ಬರುವವರೆಗೂ ನನಗೆ ಅದೇ ಗೊಂದಲ.

ಮನೆಗೆ ಬಂದ ಮೇಲೆ ಅವ್ವ ಉಳಿದ ಹಿಟ್ಟಿನಲ್ಲಿ ಒಂದೇ ರೊಟ್ಟಿ ಬಡಿದು ನನಗೆ ಹಾಕಿದಳು. ತಾನು ಬುಟ್ಟಿಯಿಂದ ಖಡಕ್ ರೊಟ್ಟಿ ಮುರಿದುಕೊಂಡಳು.

"ನಿನಗ?"

"ನನಗ ಬಿಸಿದು ಸೇರಂಗಿಲ್ಲ, ನನ್ನವ್ವಾ."