ಇಪ್ಪತ್ಮೂರು ಮನೆಗಳ ಬಿಡುವು

ಬೀರುವಿನ ಬೀಗದಲ್ಲಿ ಕೀಲಿಕೈ ಹಾಗೇ ಉಳಿದಿತ್ತು. ಎಮೆಷೆ ಸಂಗೀತ ಪಾಠಕ್ಕೆ ಬರತೊಡಗಿದ ಒಂಬತ್ತು ತಿಂಗಳಲ್ಲಿ ಇದೇ ಮೊದಲು. ಲೋರಿಂಟ್ಸ್ ಮೇಷ್ಟ್ರು ಕಾಫಿ ಕಾಯಿಸಲು ಅಡುಗೆಮನೆಗೆ ಹೋಗಿದ್ದರು. ಎಮೆಷೆಯ ಕಣ್ಣು ಬೀರುವಿನಿಂದ ಕದಲಲಿಲ್ಲ.

ಉತ್ತರ ಅದರೊಳಗೇ ಇದೆಯೆಂದು ಅವಳಿಗೆ ಖಾತ್ರಿಯಾಗಿತ್ತು. ಕೃತಿಯ ಕಟ್ಟಡವನ್ನು ಬಿಡಿಸಿ ಕಲಿಸುವುದರಲ್ಲಿ ಇಡೀ ಬುಡಾಪೆಸ್ಟಿನಲ್ಲಿ ಮೇಷ್ಟ್ರನ್ನು ಮೀರಿಸಿದವರಿಲ್ಲ. ಅವರ ಶಿಫಾರಸು ಪತ್ರವಿಲ್ಲದೆ ಸಂಗೀತ ಅಕಾಡೆಮಿಯವರು ಮೂಸಿಯೂ ನೋಡುವುದಿಲ್ಲ. ಎರಡು ಸಲ ನಪಾಸಾದ ಎಮೆಷೆಗೆ ಸೋಮವಾರದ ಪರೀಕ್ಷೆಯೇ ಕೊನೆಯದು.

ಪತ್ರಕ್ಕೆ ಮೇಷ್ಟ್ರದು ಒಂದೇ ಷರತ್ತು. ಎರಡು ಪಿಟೀಲು, ವಯೋಲಾ, ಚೆಲೊ ಕೂಡಿ ನುಡಿಸುವ ಒಂದು ಕೃತಿ. ಅದರಲ್ಲಿ ವಯೋಲಾ ನುಡಿಸುವವನ ಸ್ವರಹಾಳೆಗಳನ್ನಷ್ಟೇ ಕೊಟ್ಟಿದ್ದರು. ಆರಂಭದ ಧಾಟಿ ಎಲ್ಲೆಲ್ಲೋ ಅಲೆದು ಮತ್ತೆ ಮರಳುವುದು ಎಲ್ಲಿ, ಯಾರ ವಾದ್ಯದಲ್ಲಿ? ಅದನ್ನು ಹೇಳಬೇಕು.

ಹೇಳುವುದು ಹೇಗೆ? ಸರಿಯಾಗಿ ಅಲ್ಲೇ ವಯೋಲಾಕ್ಕೆ ಬಿಡುವು, ಸ್ವರಗೆರೆಗಳನ್ನು ತಾಳದ ಅಳತೆಗೆ ಭಾಗ ಮಾಡಿದ ಇಪ್ಪತ್ಮೂರು ಮನೆಗಳಷ್ಟು. ಸ್ವರವೇ ಇಲ್ಲ. ಮನೆಗೊಂದರಂತೆ ಯಾರೋ ಪೆನ್ಸಿಲಿನಲ್ಲಿ ಎಳೆದ ಗೀಟುಗಳಿದ್ದವು, ಅಷ್ಟೆ.

ವಾರವಾರವೂ ಒಂದು ಉತ್ತರ ಹೊತ್ತು ತಂದಳು. ಚೆಲೊ, ಒಂಬತ್ತನೆಯ ಮನೆ. ಎರಡನೆಯ ಪಿಟೀಲು, ಹದಿನಾರು. ಮೇಷ್ಟ್ರು ಕಣ್ಣು ಮುಚ್ಚಿ ಕೇಳುವರು. ಅವಳು ಮುಗಿಸಿದ ಮೇಲೂ ಕೇಳುತ್ತಲೇ ಇರುವರು. ಆಮೇಲೆ ಅದೇ ಮಾತು: "ಆಣೆ ಮಾಡಿ ಹೇಳ್ತೀಯೇನಮ್ಮ?" ಅವಳು ಹಾಳೆ ಮಡಚಿ ಚೀಲಕ್ಕೆ ಹಾಕಿಕೊಳ್ಳುವಳು.

ಒಮ್ಮೆ ತಾಳ್ಮೆ ಕೆಟ್ಟು, ಉಳಿದ ಮೂರು ಭಾಗ ತೋರಿಸದೆ ಹೇಗೆ ಹೇಳುವುದೆಂದು ಕೇಳಿಯೇಬಿಟ್ಟಿದ್ದಳು.

"ಹದಿನಾಲ್ಕು ವರ್ಷದಿಂದ ಎಲ್ಲರೂ ಇದನ್ನೇ ಕೇಳ್ತಾರೆ," ಎಂದಿದ್ದರು ಮೇಷ್ಟ್ರು. "ಉತ್ತರ ಕೊಟ್ಟೋರು ಒಬ್ಬರೂ ಇಲ್ಲ."

ಎಂಥ ಕಲ್ಲು ಮನಸ್ಸು ಎಂದು ಅವಳಿಗೆ ಮೈಯುರಿದಿತ್ತು. ಕೋಣೆಯ ನಡುವೆ ದಿನಾ ಧೂಳು ಒರೆಸಿಡುವ ಮೂರು ಕುರ್ಚಿ. ಅವುಗಳ ಮೇಲೆ ಯಾರೂ ಕೂರುವಂತಿಲ್ಲ. ಅದೂ ಮುದುಕನ ಒಂದು ಗೀಳು.

ಅಡುಗೆಮನೆಯಲ್ಲಿ ಲೋಟದ ಸದ್ದಾಯಿತು. ಎಮೆಷೆ ಎದ್ದು ಕೀಲಿ ತಿರುಗಿಸಿದಳು.

ಒಳಗೆ ಸ್ವರಹಾಳೆ ಇಡುವ ನಾಲ್ಕು ರಟ್ಟಿನ ಹೊದಿಕೆಗಳು, ವಾದ್ಯಕ್ಕೊಂದರಂತೆ. ನಾಲ್ಕರ ಮೇಲೂ ಒಂದೇ ತಾರೀಕು, 1944ರ ನವೆಂಬರಿನದು. ಮೊದಲನೆಯದು ಖಾಲಿ. ಎರಡನೆಯದೂ, ಮೂರನೆಯದೂ ಖಾಲಿ. ನಾಲ್ಕನೆಯದರ ಹಾಳೆಗಳು ಅವಳ ಬಳಿಯೇ ಇದ್ದವು. ಅದರ ಮೇಲಿದ್ದದ್ದು ಮೇಷ್ಟ್ರ ಹೆಸರು.

ತಿರುಗಿದರೆ ಅವರೇ ಬಾಗಿಲಲ್ಲಿ ನಿಂತಿದ್ದರು. ಬೈಯಲಿಲ್ಲ. ಅಭ್ಯಾಸ ಮುಗಿದ ಮೇಲೆ ಅವರವರ ಹಾಳೆ ಅವರವರೇ ಒಯ್ಯುವುದು ವಾಡಿಕೆಯಲ್ಲವೇ ಎಂದರು. ಆ ಅಭ್ಯಾಸದ ಮರುದಿನ ಜೊತೆಯ ಮೂವರು ವಾದಕರನ್ನೂ ಯಹೂದಿಗಳೆಂದು ಹಿಡಿದು ಲಾರಿ ಹತ್ತಿಸಿದರು, ಹಾಳೆ ಅವರ ಚೀಲದಲ್ಲೇ ಇತ್ತು; ಯಾರೂ ಮರಳಲಿಲ್ಲ. ಕೃತಿ ಬರೆದವನೂ ಅವರಲ್ಲೊಬ್ಬ. ಮೂಲ ಪ್ರತಿಯೂ ಅವನೊಂದಿಗೇ ಹೋಯಿತು. ಪೂರ್ತಿ ನುಡಿಸಿದ್ದು ಅದೊಂದೇ ಸಂಜೆ.

ಪತ್ರದ ಆಸೆ ಮುಗಿಯಿತೆಂದು ಎಮೆಷೆಗೆ ಅನಿಸಿತು. ಆದರೂ ಕೇಳಿದಳು, "ನೀವು ಅಲ್ಲೇ ಇದ್ರಲ್ಲ ಮೇಷ್ಟ್ರೇ. ಆ ಧಾಟಿ ನಿಮ್ಮ ಕಿವಿಗೆ ಬಿದ್ದಿರಬೇಕಲ್ಲ?"

ಮೇಷ್ಟ್ರು ಅವಳ ಬಳಿಯಿದ್ದ ಹಾಳೆ ತೆಗೆದುಕೊಂಡು ಪೆನ್ಸಿಲಿನ ಗೀಟುಗಳ ಮೇಲೆ ಬೆರಳಾಡಿಸಿದರು.

"ನನ್ನ ಸರದಿ ತಪ್ಪಬಾರದು ಅಂತ ಮನೆ ಎಣಿಸ್ತಾ ಕೂತಿದ್ದೆ ಕಣಮ್ಮ. ಏನೂ ಕೇಳಿಸ್ಕೊಳ್ಳಲಿಲ್ಲ."