ತುಳಿಯದ ಕಲ್ಲು

ಅವನು ಕೆಂಪು ಕಲ್ಲನ್ನು ತುಳಿಯಲಿಲ್ಲ.

ನೋರ್ಮಾ ಕಣ್ಣಾರೆ ಕಂಡಳು. ಕಮಾನಿನ ಕೆಳಗಿನ ಇಕ್ಕಟ್ಟಾದ ಓಣಿಯಲ್ಲಿ ಅವಳಿಗಿಂತ ಮುಂದೆ ನಡೆಯುತ್ತಿದ್ದವನು, ನೆಲದ ನಡುವಿನ ಆ ಒಂದು ಕಲ್ಲು ಬಂದದ್ದೇ ತಡ, ಬಲಗಾಲನ್ನು ಪಕ್ಕಕ್ಕೆ ಹಾಕಿ ದಾಟಿಬಿಟ್ಟ. ತಲೆ ತಗ್ಗಿಸಿ ನೋಡಲೂ ಇಲ್ಲ. ನೋರ್ಮಾ ನಡೆಯುತ್ತಿದ್ದವಳು ನಿಂತುಬಿಟ್ಟಳು.

ಹಿಂದೆ ಪ್ಲೇಗು ಈ ಕಲ್ಲಿನ ತನಕ ಬಂದು ನಿಂತುಹೋಯಿತಂತೆ. ಅದನ್ನು ತುಳಿದವರಿಗೆ ಕೇಡು ತಪ್ಪದೆಂಬುದು ವೆನಿಸಿನ ಈ ಕೇರಿಯವರ ನಂಬಿಕೆ. ಪರೀಕ್ಷೆಗೆ ಹೊರಟ ಮಕ್ಕಳಿಂದ ಹಿಡಿದು ಮೀನು ಮಾರುವ ಮುದುಕಿಯವರೆಗೆ ಎಲ್ಲರೂ ಬಳಸಿಕೊಂಡೇ ಹೋಗುತ್ತಾರೆ. ಹೊರಗಿನವರು ಮಾತ್ರ ಧಾರಾಳವಾಗಿ ತುಳಿಯುತ್ತಾರೆ. ನೋರ್ಮಾ ಅದಕ್ಕೇ ಕಾದಿದ್ದು, ಆಮೇಲೆ ಕಥೆ ಹೇಳಿ, ಅವರ ಮುಖ ಸಪ್ಪಗಾಗುವುದನ್ನು ನೋಡಿ ನಗುತ್ತಾಳೆ. ದೊಡ್ಡ ಚೌಕಕ್ಕೂ ದೊಡ್ಡ ಸೇತುವೆಗೂ ಬೆನ್ನು ಹಾಕಿ, ಪ್ರವಾಸಿಗರಿಗೆ ಯಾರೂ ಕಾಣದ ಮೂಲೆಗಳನ್ನು ತೋರಿಸುವುದೇ ಅವಳ ಕಸುಬು. ಆದರೆ ಇವತ್ತು ಆ ಕಥೆಯನ್ನು ಅವಳಿನ್ನೂ ಹೇಳಿಯೇ ಇರಲಿಲ್ಲ.

ತನ್ನ ಹೆಸರು ಕೊರ್ರಾಡೊ, ಬೆಟ್ಟದ ಸೀಮೆಯ ಟ್ರೆಂಟೊದಿಂದ ಬಂದವನು ಎಂದಿದ್ದ. ಬೆಟ್ಟದವನಿಗೆ ಈ ಕಲ್ಲಿನ ಸಂಗತಿ ಹೇಗೆ ಗೊತ್ತು? ಸುಳ್ಳು, ಎಲ್ಲ ಸುಳ್ಳು. ಇವನು ಇಲ್ಲಿಯವನೇ. ಇಲ್ಲಿಯವನೇ ಬಂದು ಊರು ತೋರಿಸು ಎನ್ನುತ್ತಾನೆಂದರೆ, ಅವನು ನೋಡಲು ಬಂದದ್ದು ಊರನ್ನಲ್ಲ.

ಮೂರು ವರ್ಷದ ಹಿಂದೆ ಗವಾಗ್ನಿನ್ ಮನೆತನದ ಹಿರಿಮಗ ತನ್ನ ಮೋಟಾರು ದೋಣಿಯನ್ನು ಇಬ್ಬರು ಮುದುಕರ ಪುಟ್ಟ ದೋಣಿಯ ಮೇಲೆ ಹಾಯಿಸಿ, ನಿಲ್ಲದೆ ಹೋಗಿದ್ದ. ಮುದುಕರಿಬ್ಬರೂ ಮುಳುಗಿದರು. ಕಿಟಕಿಯಲ್ಲಿ ನಿಂತು ಕಂಡದ್ದನ್ನು ನೋರ್ಮಾ ಕೋರ್ಟಿನಲ್ಲಿ ಹೇಳಿದಳು. ಅವನು ಜೈಲಿಗೆ ಹೋದ. ಅವನ ತಮ್ಮ ಹೊರಗೆ ಮೆಟ್ಟಿಲ ಮೇಲೆ ಅವಳ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದ್ದ:

"ಕಾಯ್ತಾ ಇರಕ್ಕ. ನಮ್ಮ ಕಡೆಯವನೊಬ್ಬ ಬಂದು ನಿನ್ ಜೊತೆ ಒಂದು ಸುತ್ತು ಹಾಕ್ತಾನೆ."

ಅವಳು ಮನೆ ಬದಲಾಯಿಸಿದಳು. ತಾಯಿಯ ಮನೆತನದ ಹೆಸರಿಟ್ಟುಕೊಂಡಳು. ಕಸುಬು ಬಿಡಲು ಮಾತ್ರ ಆಗಲಿಲ್ಲ. ಹೊಟ್ಟೆ ಕೇಳಬೇಕಲ್ಲ.

ಬೆಳಗಿನಿಂದ ನಡೆದದ್ದೆಲ್ಲ ಈಗ ಒಂದೊಂದಾಗಿ ಎದ್ದು ಕೂತಿತು. ಇಗರ್ಜಿಯ ಮುಂದೆ ಭೇಟಿಯಾದಾಗ, ನಿಮ್ಮನ್ನು ಹುಡುಕುವಷ್ಟರಲ್ಲಿ ಸಾಕುಸಾಕಾಯಿತು, ಹೆಸರನ್ನೇ ಬದಲಾಯಿಸಿಕೊಂಡಿದ್ದೀರಲ್ಲ ಎಂದಿದ್ದ. ಒಬ್ಬರೇ ಬಂದಿರಾ ಎಂದು ಕೇಳಿದರೆ, ಒಬ್ಬನೇ ಅಲ್ಲ ಎಂದು ಕೋಟಿನ ಜೇಬು ತಟ್ಟಿದ್ದ. ಆಗ ಜೇಬಿಗಿಳಿದ ಕೈ ಮತ್ತೆ ಹೊರಗೆ ಬಂದಿರಲಿಲ್ಲ. ತಿರುವು ಬಂದಲ್ಲೆಲ್ಲ ಅವಳು ಹೇಳುವ ಮೊದಲೇ ಅವನು ತಿರುಗುತ್ತಿದ್ದ. ತನ್ನ ದಡ್ಡತನಕ್ಕೆ ಅವಳು ತನ್ನನ್ನೇ ಬೈದುಕೊಂಡಳು.

ಕೂಗೋಣವೆಂದರೆ ಸುತ್ತಲೂ ನವೆಂಬರಿನ ಮಂಜು, ಮುಚ್ಚಿದ ಕಿಟಕಿಗಳು. ಮಂಡಿ ನೋಯುತ್ತಿದೆ, ಇವತ್ತಿಗೆ ಇಲ್ಲಿಗೇ ನಿಲ್ಲಿಸೋಣ ಎಂದು ನೆಪ ಹೂಡಿದಳು.

ಅವನು ತಲೆಯಾಡಿಸಿದ. "ಇಲ್ಲ ಸಿನ್ಯೋರಾ. ಅರ್ಧಕ್ಕೆ ನಿಂತಿದ್ದನ್ನ ಇವತ್ತು ಮುಗಿಸ್ಲೇಬೇಕು. ಆ ನೀರುಬಾಗಿಲ ತನಕ ಬನ್ನಿ, ಸಾಕು."

ನೀರುಬಾಗಿಲಿನ ಮಾತನ್ನು ಅವಳು ಎತ್ತಿರಲೇ ಇಲ್ಲ.

ಪಾಳುಬಿದ್ದ ಅರಮನೆಯೊಂದು ಕಾಲುವೆಗೆ ತೆರೆದುಕೊಳ್ಳುವ ಬಾಗಿಲು ಅದು. ಒಳಗೆ ಹೋಗಲು ಒಂದೇ ಓಣಿ, ಆಚೆಗೆ ಬರೀ ನೀರು. ಈಗ ಅವನು ಅವಳ ಹಿಂದೆ ನಡೆಯುತ್ತಿದ್ದ. ಸಂತೆಗೆ ಹೊರಟ ಕುರಿಯ ಹಾಗೆ ಅವಳು ಮುಂದೆ ನಡೆದಳು. ಬೆಳಿಗ್ಗೆ ಫೋನಿನಲ್ಲಿ ತಂಗಿಯ ಮೇಲೆ ರೇಗಿದ್ದು ನೆನಪಾಗಿ ಅಳು ಬಂತು.

ಬಾಗಿಲ ಬಳಿ ಅವನು ಅವಳನ್ನು ದಾಟಿ ನೀರಿನಂಚಿಗೆ ಹೋಗಿ ನಿಂತ. ಮೆಟ್ಟಿಲುಗಳು ಕಾಲುವೆಗೆ ಇಳಿದಿದ್ದವು. ಮೇಲಿನವು ಬೂದಿ ಬಣ್ಣದವು, ಕೆಳಗಿನವು ಪಾಚಿಗಟ್ಟಿ ಹಸಿರಾದವು. ಹಸಿರು ಮೆಟ್ಟಿಲಿಗೆ ಕಾಲಿಡಬೇಡ ಎಂಬ ಮಾತನ್ನು ವೆನಿಸಿನ ತಾಯಂದಿರು ಮಕ್ಕಳಿಗೆ ನಡೆಯಲು ಕಲಿಸುವಾಗಲೇ ಹೇಳಿಕೊಡುತ್ತಾರೆ. ಇಲ್ಲಿಗೆ ಕರೆತಂದವರಿಗೆಲ್ಲ ನೋರ್ಮಾ ಮೊದಲು ಹೇಳುವುದೂ ಅದನ್ನೇ.

ಅವನು ತಿರುಗದೆಯೇ ಕೇಳಿದ. "ಕೆಳಗಿಳೀಬಹುದಾ?"

ಗೊತ್ತಿದ್ದೂ ಕೇಳುತ್ತಾನೆ. ಬೇಡ ಬೇಡ ಎನ್ನುತ್ತ ನಾನು ಹತ್ತಿರ ಹೋಗಬೇಕು, ಆಮೇಲೆ ಒಂದೇ ನೂಕು. ನಮ್ಮೂರಿನವನಿಗೆ ನಾನೇನು ಪಾಚಿಯ ಪಾಠ ಹೇಳುವುದು? ಅವಳಿಗೆ ಭಯದ ಜೊತೆ ಸಿಟ್ಟೂ ಉಕ್ಕಿಬಂತು. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡಳು.

"ಇಳೀರಿ," ಎಂದಳು.

ಅವನು ಇಳಿದ. ಬೂದಿ ಬಣ್ಣದ ಮೆಟ್ಟಿಲು ಮುಗಿಯಿತು. ಹಸಿರು ಮೆಟ್ಟಿಲ ಮೇಲೆ ಮೈಭಾರವನ್ನೆಲ್ಲ ಬಿಟ್ಟು ಕಾಲಿಟ್ಟ. ವೆನಿಸಿನವನು ಕುಡಿದು ತೂರಾಡುವಾಗಲೂ ಹಾಗೆ ಕಾಲಿಡುವುದಿಲ್ಲ. ನೋರ್ಮಾ ಚೀರಿದಳು, ಆದರೆ ಅಷ್ಟರಲ್ಲಿ ಅವನ ತಲೆ ಕಲ್ಲಿನಂಚಿಗೆ ಬಡಿದ ಸದ್ದು ಕೇಳಿತ್ತು.

ಅವಳು ಬೋರಲು ಬಿದ್ದು, ನೀರಿಗೆ ಜಾರುತ್ತಿದ್ದ ಅವನ ಕೋಟಿನ ಕೊರಳಪಟ್ಟಿ ಹಿಡಿದು ಕೂಗಿಕೊಂಡಳು. ತರಕಾರಿ ದೋಣಿಯವನೊಬ್ಬ ಮಂಜಿನೊಳಗಿಂದ ಬಂದು, ಕೊಕ್ಕೆ ಹಾಕಿ ಅವನನ್ನು ಮೇಲಕ್ಕೆಳೆದ. ಜೇಬಿನ ಕೈ ಕೊನೆಗೂ ಹೊರಗೆ ಬಂತು. ಅದರಲ್ಲೊಂದು ಪುಟ್ಟ ಫೋಟೋ ಇತ್ತು: ಇದೇ ಕೇರಿಯ ಓಣಿಯಲ್ಲಿ, ಮಂಡಿಯುದ್ದದ ನೀರಿನಲ್ಲಿ, ರಬ್ಬರ್ ಬೂಟು ತೊಟ್ಟು ನಗುತ್ತಿರುವ ಹೆಂಗಸು.

ಕಿವಿಯ ಹಿಂದಿನ ರಕ್ತ ನಿಲ್ಲಲಿಲ್ಲ. ಆಂಬುಲೆನ್ಸ್ ದೋಣಿ ಬರುವ ತನಕ ಮಾತಾಡಿಸುತ್ತಿರಿ, ನಿದ್ದೆಗೆ ಬಿಡಬೇಡಿ ಎಂದ ದೋಣಿಯವನು. ನೋರ್ಮಾ ಅಳುತ್ತ, ಯಾರು ನೀನು, ಯಾರು ಕಳಿಸಿದರು ಎಂದು ಕೇಳಿದಳು. ಅವನಿಗೆ ಪ್ರಶ್ನೆಯೇ ಅರ್ಥವಾದಂತಿರಲಿಲ್ಲ.

"ಹಿಂದೊಮ್ಮೆ ನಾವಿಬ್ರೂ ಬಂದು, ನೀರೇರಿ ಈ ನೀರುಬಾಗಿಲು ನೋಡ್ದೆ ಅರ್ಧಕ್ಕೇ ವಾಪಸ್ಸಾದಾಗ, ಕೆಂಪು ಕಲ್ಲು ತುಳೀಬೇಡಿ ಅಂತ ನನ್ ಹೆಂಡತೀಗೂ ನಂಗೂ ಹೇಳಿಕೊಟ್ಟೋರು ನೀವೇ ಅಲ್ವಾ," ಎಂದ ಅವನು, ಕ್ಷೀಣ ದನಿಯಲ್ಲಿ. "ಈ ಹಸಿರು ಮೆಟ್ಟಿಲ ವಿಷ್ಯ ಯಾಕೆ ಹೇಳ್ಲಿಲ್ಲ?"